ಕಪ್ಪು ರಬ್ಬರ್, 70 ಶೋರ್: ಇಷ್ಟು ಬರೆದರೆ ಏಕೆ ಸಾಲದು

ಬೆಂಗಳೂರಿನ ಪೀಣ್ಯದಲ್ಲಿ ರಬ್ಬರ್ ಭಾಗಗಳನ್ನು ಅಚ್ಚೊತ್ತುವ ನಮ್ಮ ಶೆಡ್ಡಿಗೆ ಬರುವ ಡ್ರಾಯಿಂಗ್‌ಗಳಲ್ಲಿ ಅಳತೆಗಳು ಮಿಲಿಮೀಟರಿನ ನೂರನೇ ಭಾಗದವರೆಗೂ ಇರುತ್ತವೆ. ಮೆಟೀರಿಯಲ್ ಎಂಬ ಚೌಕಕ್ಕೆ ಬಂದಾಗ ಮಾತ್ರ ‘ರಬ್ಬರ್, ಕಪ್ಪು, 70 ಶೋರ್’ ಎಂದು ಬರೆದು ಕೈ ತೊಳೆದುಕೊಂಡಿರುತ್ತಾರೆ. ಶೋರ್ ಎಂದರೆ ಗಡಸುತನದ ಅಳತೆ. ಅದೇ ಮನುಷ್ಯ ಉಕ್ಕಿನ ಭಾಗವಾಗಿದ್ದರೆ ಇಎನ್8 ದರ್ಜೆ ಸಾಕೋ ಇಎನ್24 ಬೇಕೋ ಎಂದು ಅರ್ಧ ದಿನ ಚರ್ಚಿಸುತ್ತಾನೆ. ರಬ್ಬರಿಗೆ ಆ ಭಾಗ್ಯವಿಲ್ಲ. ಮೂರು ರೂಪಾಯಿಯ ವಾಷರ್ ತಾನೇ ಎಂಬ ಅಸಡ್ಡೆ.

ನಾನು ಆ ಅಸಡ್ಡೆಗೆ ಬೆಲೆ ತೆತ್ತವನು. ಕೆಲವು ವರ್ಷಗಳ ಹಿಂದೆ ಗ್ರಾಹಕರೊಬ್ಬರು ಫೋನ್ ಮಾಡಿ, ಬ್ರೇಕ್ ಪರೀಕ್ಷಿಸುವ ಜಿಗ್ (ಸಾಧನ) ಒಂದಕ್ಕೆ ದ್ರವ ಸೋರದಂತೆ ತಡೆಯುವ ಸೀಲ್ ಬೇಕು ಎಂದರು. ಏನು ತಾಗುತ್ತದೆ ಎಂದು ಕೇಳಿದೆ. ‘ಆಯಿಲ್’ ಎಂದರು. ಆಯಿಲ್ ಎಂದ ಮೇಲೆ ನೈಟ್ರೈಲ್ ರಬ್ಬರ್; ಈ ಕಸುಬಿನಲ್ಲಿರುವ ಯಾರಾದರೂ ನಿದ್ದೆಗಣ್ಣಿನಲ್ಲಿ ಕೊಡುವ ಉತ್ತರ. ಇನ್ನೂರು ಸೀಲ್ ಒತ್ತಿ ಕಳಿಸಿದೆವು. ಎರಡೇ ವಾರದಲ್ಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ಮರಳಿ ಬಂದವು. ರಾತ್ರಿ ನೆನೆಹಾಕಿದ ಕಡಲೆಕಾಳಿನಂತೆ ಊದಿಕೊಂಡಿದ್ದವು. ಬೆರಳಲ್ಲಿ ಅದುಮಿದರೆ ಮೆತ್ತಗೆ. ಯಾವ ಗ್ರೂವ್‌ನಿಂದ ತೆಗೆದಿದ್ದರೋ ಅದೇ ಗ್ರೂವ್‌ನಲ್ಲಿ ಮತ್ತೆ ಕೂರುತ್ತಿರಲಿಲ್ಲ. ವಿಚಾರಿಸಿದರೆ ಅದು ‘ಬ್ರೇಕ್ ಆಯಿಲ್’. ಗ್ಯಾರೇಜುಗಳಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಆದರೆ ಡಾಟ್ 3, ಡಾಟ್ 4 ಎಂಬ ಹೆಸರಿನಲ್ಲಿ ಡಬ್ಬಿಯಲ್ಲಿ ಸಿಗುವ ಆ ದ್ರವ ಗ್ಲೈಕಾಲ್ ಜಾತಿಗೆ ಸೇರಿದ್ದು, ಆಯಿಲೇ ಅಲ್ಲ. ನೈಟ್ರೈಲ್‌ಗೆ ಅದು ಆಗಿಬರುವುದಿಲ್ಲ.

ಅಂದಿನಿಂದ ಹೊಸ ಗ್ರಾಹಕರು ಬಂದರೆ ನಾನು ಬೆಲೆ ಹೇಳುವ ಮೊದಲು ದ್ರವದ ಡಬ್ಬಿಯ ಫೋಟೊ ಕಳಿಸಿ ಎನ್ನುತ್ತೇನೆ.

ಎಣ್ಣೆಯೋ, ನೀರೋ

ಸಾಮಾನ್ಯ ಕೈಗಾರಿಕಾ ಸೀಲು, ಓ-ರಿಂಗ್, ಗ್ಯಾಸ್ಕೆಟ್‌ಗಳಲ್ಲಿ ಬಹುಪಾಲು ತೀರ್ಮಾನ ಎರಡು ರಬ್ಬರುಗಳ ನಡುವೆ ಆಗುತ್ತದೆ: ನೈಟ್ರೈಲ್ ಎಂದು ಕರೆಯುವ ಎನ್‌ಬಿಆರ್ ಮತ್ತು ಇಪಿಡಿಎಂ. ಎರಡನ್ನೂ ಅಂಗೈಯಲ್ಲಿ ಇಟ್ಟು ತೋರಿಸಿದರೆ ಯಾವುದು ಯಾವುದೆಂದು ನನಗೂ ಹೇಳಲಾಗದು. ಗುಣದಲ್ಲಿ ಮಾತ್ರ ಎಣ್ಣೆ-ಸೀಗೆಕಾಯಿ.

ಇಪಿಡಿಎಂ ಹುಟ್ಟುವುದು ಎಥಿಲೀನ್ ಮತ್ತು ಪ್ರೊಪಿಲೀನ್‌ನಿಂದ. ಹಾಗಾಗಿ ಖನಿಜ ಎಣ್ಣೆ ಅದಕ್ಕೆ ಹತ್ತಿರದ ನೆಂಟ. ನೆಂಟ ಬಂದರೆ ಬಾಗಿಲು ತೆರೆಯಲೇಬೇಕಲ್ಲ. ಎಣ್ಣೆ ಒಳಗೆ ಹೊಕ್ಕು ರಬ್ಬರ್ ಊದುತ್ತದೆ. ನೈಟ್ರೈಲ್‌ನಲ್ಲಿ ಅಕ್ರಿಲೋನೈಟ್ರೈಲ್ ಎಂಬ ಧ್ರುವೀಯ ಘಟಕವಿದೆ. ಅದು ಹೈಡ್ರಾಲಿಕ್ ಆಯಿಲ್, ಗ್ರೀಸ್, ಡೀಸೆಲ್‌ಗಳನ್ನು ಹೊರಗೇ ನಿಲ್ಲಿಸುತ್ತದೆ, ಆದರೆ ತನ್ನಂತೆಯೇ ಧ್ರುವೀಯವಾದ ಬ್ರೇಕ್ ದ್ರವ ಮತ್ತು ಅಸಿಟೋನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನನ್ನ ಇನ್ನೂರು ಸೀಲುಗಳ ಕಥೆ ಇಷ್ಟೇ. ಅಲ್ಲಿ ಬೇಕಿದ್ದದ್ದು ಇಪಿಡಿಎಂ.

ನೈಟ್ರೈಲ್ ಎಂದು ಬರೆದರೂ ಅರ್ಧ ಮಾತೇ. ಅದರಲ್ಲಿ ಅಕ್ರಿಲೋನೈಟ್ರೈಲ್ ಪ್ರಮಾಣ ಶೇ 18ರಿಂದ 50ರವರೆಗೆ ಇರಬಹುದು. ಪ್ರಮಾಣ ಹೆಚ್ಚಿದಷ್ಟೂ ಎಣ್ಣೆ, ಪೆಟ್ರೋಲಿಗೆ ಗಟ್ಟಿಗ. ಅಷ್ಟೇ ಚಳಿಗೆ ಅಳುಕು. ಬೆಳಗಾವಿಯ ಹೈಡ್ರಾಲಿಕ್ಸ್ ಕೆಲಸಗಳಿಗೆ ಶೇ 33ರ ಆಸುಪಾಸಿನದು ಸಾಕಾಗುತ್ತದೆ. ಹಿಮ ಬೀಳುವ ಊರಿಗೆ ಹೋಗುವ ಯಂತ್ರವಾದರೆ ಕಡಿಮೆ ಪ್ರಮಾಣದ್ದನ್ನು ಕೇಳಿ ಪಡೆಯಬೇಕು.

ನೈಟ್ರೈಲ್‌ನ ಇನ್ನೊಂದು ದೌರ್ಬಲ್ಯ ಹೊರಗಿನ ಗಾಳಿ. ಅದರ ಅಣುಸರಪಳಿಯ ಬೆನ್ನೆಲುಬಿನಲ್ಲಿಯೇ ಜೋಡಿಬಂಧಗಳಿವೆ, ಗಾಳಿಯ ಓಜೋನ್ ಅವುಗಳನ್ನು ಕಚ್ಚುತ್ತದೆ. ಮೋಟರ್ ಪಕ್ಕದಲ್ಲಿ, ಬಿಸಿಲಿನಲ್ಲಿ, ಹಿಗ್ಗಿಸಿ ಕೂರಿಸಿದ ನೈಟ್ರೈಲ್ ಬೆಲ್ಲೋಸ್ (ಮಡಿಕೆ ಮಡಿಕೆಯ ಕವಚ) ನೋಡಿ: ಎಳೆತಕ್ಕೆ ಅಡ್ಡವಾಗಿ ಸಾಲಾಗಿ ಸಣ್ಣ ಬಿರುಕುಗಳು ಕಾಣುತ್ತವೆ. ಇಪಿಡಿಎಂ ಸರಪಳಿಯಲ್ಲಿ ಬೆನ್ನೆಲುಬು ಭದ್ರ. ಬಿಸಿಲು, ಮಳೆ, ಬಿಸಿನೀರು, ಹಬೆ ಎಲ್ಲಕ್ಕೂ ಅದು ನಿಲ್ಲುತ್ತದೆ. ಗಂಧಕದಿಂದ ಕ್ಯೂರ್ ಮಾಡಿದ್ದಾದರೆ, ಅಂದರೆ ಬೇಯಿಸಿ ಗಟ್ಟಿಗೊಳಿಸಿದ್ದಾದರೆ, ಸುಮಾರು 120 ಡಿಗ್ರಿ ಸೆಲ್ಸಿಯಸ್, ಪೆರಾಕ್ಸೈಡಿನಿಂದ ಮಾಡಿದ್ದಾದರೆ 150ರವರೆಗೆ. ಹಬೆಗೆ ಇಪಿಡಿಎಂ ಕೊಡಿ ಎಂದು ಕೇಳುವವರು ಪೆರಾಕ್ಸೈಡ್ ಎಂಬ ಪದವನ್ನೂ ಸೇರಿಸಬೇಕು. ಸೇರಿಸದಿದ್ದರೆ ಅಗ್ಗದ ಗಂಧಕದ್ದೇ ಬರುತ್ತದೆ.

ಈ ಎರಡರ ಹಗ್ಗಜಗ್ಗಾಟ ಚೆನ್ನಾಗಿ ಕಾಣುವುದು ಡೇರಿಗಳಲ್ಲಿ. ಅಲ್ಲಿ ಪೈಪುಗಳನ್ನು ಬಿಚ್ಚದೆ, ಒಳಗೇ ಬಿಸಿ ಕಾಸ್ಟಿಕ್, ಆಮೇಲೆ ನೈಟ್ರಿಕ್ ಆಮ್ಲ ಹರಿಸಿ ತೊಳೆಯುತ್ತಾರೆ. ಆ ತೊಳೆತಕ್ಕೆ ಇಪಿಡಿಎಂ ಬಗ್ಗುವುದಿಲ್ಲ, ಹಾಲಿನ ಲೈನಿಗೆ ಅದೇ ಸರಿ. ಬೆಣ್ಣೆ, ತುಪ್ಪದ ಲೈನಿಗೆ ಬಂದರೆ ಜಿಡ್ಡು ಅದನ್ನು ಊದಿಸುತ್ತದೆ. ಅಲ್ಲಿ ಆಹಾರ ದರ್ಜೆಯ ನೈಟ್ರೈಲ್ ಹಾಕಿ, ತೊಳೆತಕ್ಕೆ ಬೇಗ ಸವೆಯುತ್ತದೆ ಎಂದು ಗೊತ್ತಿದ್ದೇ ಬದಲಾಯಿಸುತ್ತಿರಬೇಕು. ಒಂದೇ ಕಟ್ಟಡ, ಒಂದೇ ಅಳತೆಯ ಗ್ಯಾಸ್ಕೆಟ್, ಎರಡು ರಬ್ಬರ್. ಸ್ಟೋರಿನಲ್ಲಿ ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿದರೆ ಮುಗಿಯಿತು.

ಸ್ವಲ್ಪ ಎಣ್ಣೆಯೂ ಬೀಳುತ್ತದೆ, ಬಿಸಿಲೂ ಬೀಳುತ್ತದೆ ಎನ್ನುವ ಜಾಗಕ್ಕೆ ನಿಯೋಪ್ರೀನ್. 1931ರಲ್ಲಿ ಡ್ಯೂಪಾಂಟ್ ಕಂಪನಿ ಹೊರತಂದ ಹಳೆಯ ಸಂಶ್ಲೇಷಿತ ರಬ್ಬರ್ ಇದು. ಯಾವುದರಲ್ಲೂ ಮೊದಲ ಸ್ಥಾನ ಗಳಿಸದ, ಯಾವುದರಲ್ಲೂ ಫೇಲಾಗದ ಹುಡುಗನಂತೆ. ಯಂತ್ರದ ಕೀಲು ಮುಚ್ಚುವ ಬೂಟ್, ಬೆಲ್ಲೋಸ್, ಹೊರಗೆ ಓಡುವ ಕೇಬಲ್ ಹಾಯುವ ತೂತಿನ ಬಳೆಯಾದ ಗ್ರೊಮೆಟ್‌ಗಳಿಗೆ ಚೆನ್ನ. ಕ್ಲೋರಿನ್ ಇರುವುದರಿಂದ ಬೆಂಕಿ ತೆಗೆದರೆ ತಾನೇ ನಂದುತ್ತದೆ.

ಸುಳ್ಯ, ಪುತ್ತೂರಿನ ತೋಟಗಳಿಂದ ಬರುವ ಸಹಜ ರಬ್ಬರನ್ನು ಮರೆತು ಎಲ್ಲದಕ್ಕೂ ಸಂಶ್ಲೇಷಿತ ಎನ್ನುವವರೂ ಇದ್ದಾರೆ. ಯಂತ್ರದ ನಡುಕ ತಡೆಯುವ ಮೌಂಟ್‌ಗಳಲ್ಲಿ, ಲಕ್ಷಗಟ್ಟಲೆ ಸಲ ಹಿಗ್ಗಿ ಕುಗ್ಗುವ ಕೆಲಸದಲ್ಲಿ ಅದರ ಹರಿದುಹೋಗದ ಗುಣ ಇನ್ನೂ ಮೇಲು. ಎಣ್ಣೆ ತಾಗಬಾರದು, 80 ಡಿಗ್ರಿ ದಾಟಬಾರದು, ಅಷ್ಟೇ.

ಶಾಖ, ಮತ್ತು ದುಬಾರಿಯದೇ ಒಳ್ಳೆಯದು ಎಂಬ ಭ್ರಮೆ

ಅಡುಗೆಮನೆಯ ಹಳೆಯ ಕುಕ್ಕರ್ ಗ್ಯಾಸ್ಕೆಟ್ ಒಂದನ್ನು ಕೈಗೆತ್ತಿಕೊಳ್ಳಿ. ಹೊಸದರಲ್ಲಿ ದುಂಡಗೆ ತುಂಬಿಕೊಂಡಿದ್ದ ಅಂಚು ಮುಚ್ಚಳ ಒತ್ತಿದ ಕಡೆ ಚಪ್ಪಟೆಯಾಗಿರುತ್ತದೆ, ಬಗ್ಗಿಸಿದರೆ ಮೊದಲಿನಂತೆ ಬಗ್ಗುವುದಿಲ್ಲ, ಸೀಟಿ ಬರುವ ಮೊದಲೇ ಪಕ್ಕದಿಂದ ಹಬೆ ಹೋಗುತ್ತದೆ. ಅಲ್ಲಿನ ಶಾಖ ಸುಮಾರು 120 ಡಿಗ್ರಿ. ಕೈಗಾರಿಕೆಯಲ್ಲಿ ಸೀಲುಗಳು ಸಾಯುವುದು ಹೆಚ್ಚಾಗಿ ಹೀಗೆಯೇ: ತುಂಡಾಗಿ ಅಲ್ಲ, ಮೊದಲಿನ ಆಕಾರಕ್ಕೆ ಮರಳುವುದನ್ನು ಮರೆತು. ಈ ಮರೆವಿನ ಅಳತೆಗೆ ಕಂಪ್ರೆಷನ್ ಸೆಟ್ ಎಂದು ಹೆಸರು. ಬಿಲ್ಲೆಯೊಂದನ್ನು ಶೇ 25ರಷ್ಟು ಅದುಮಿ, ಕೆಲಸದ ಶಾಖದಲ್ಲಿ 22 ಅಥವಾ 70 ಗಂಟೆ ಇಟ್ಟು, ಬಿಟ್ಟ ಮೇಲೆ ಎಷ್ಟು ಮರಳಿತು ಎಂದು ನೋಡುತ್ತಾರೆ. ಸೊನ್ನೆ ಬಂದರೆ ಪೂರ್ತಿ ಮರಳಿತು, ನೂರು ಬಂದರೆ ಒಂದಿಷ್ಟೂ ಮರಳಲಿಲ್ಲ.

ಡ್ರಾಯಿಂಗಿನಲ್ಲಿ ಬರೆಯಬೇಕಾದ ಸಂಖ್ಯೆ ಇದು. ಎಲ್ಲರೂ ಬರೆಯುವ 70 ಶೋರ್ ಎಂಬುದು ಗಡಸುತನ ಮಾತ್ರ. ಒಳ್ಳೆಯ ರಬ್ಬರೂ 70 ಇರುತ್ತದೆ, ಸುಣ್ಣದ ಪುಡಿ ತುಂಬಿ ಗಟ್ಟಿ ಮಾಡಿದ ಕಳಪೆಯದೂ 70 ಇರುತ್ತದೆ. ಮೀಟರಿನ ಮುಳ್ಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಂಪ್ರೆಷನ್ ಸೆಟ್ ಪರೀಕ್ಷೆಯಲ್ಲಿ ಕಳಪೆಯದರ ಬಣ್ಣ ಬಯಲಾಗುತ್ತದೆ. 100 ಡಿಗ್ರಿಯಲ್ಲಿ ನೈಟ್ರೈಲ್ ಶೇ 25ರೊಳಗೆ ನಿಂತರೆ ನಾನು ಒಪ್ಪಿಕೊಳ್ಳುತ್ತೇನೆ.

100 ಡಿಗ್ರಿ ದಾಟಿತೆಂದರೆ ಎಣ್ಣೆಯೊಳಗಿನ ನೈಟ್ರೈಲ್ ಗಟ್ಟಿಯಾಗತೊಡಗುತ್ತದೆ. ಆಗ ಮುಂದಿನ ಮೆಟ್ಟಿಲು ಜಲಜನಕ ಸೇರಿಸಿದ ನೈಟ್ರೈಲ್, ಅಂದರೆ ಎಚ್‌ಎನ್‌ಬಿಆರ್, 150ರವರೆಗೆ. ಅದನ್ನು ಹಾರಿ ನೇರವಾಗಿ ಫ್ಲೋರಿನ್ ಇರುವ ರಬ್ಬರ್ ಆದ ಎಫ್‌ಕೆಎಂಗೆ ಹೋಗುವವರೇ ಹೆಚ್ಚು. ಅಂಗಡಿಯಲ್ಲಿ ಎಲ್ಲರೂ ವೈಟಾನ್ ಎನ್ನುವುದು ಇದನ್ನೇ, ಅದು ಒಂದು ಬ್ರಾಂಡಿನ ಹೆಸರು. 200 ಡಿಗ್ರಿ ಶಾಖ, ಬಿಸಿ ಎಣ್ಣೆ, ಪೆಟ್ರೋಲ್, ಹಲವು ಆಮ್ಲಗಳು, ಇಷ್ಟನ್ನೂ ತಡೆಯುತ್ತದೆ. ಬೆಲೆ ನೈಟ್ರೈಲಿಗಿಂತ ಹಲವು ಪಟ್ಟು. ಅದರಲ್ಲೊಂದು ಗುಪ್ತ ಲೆಕ್ಕವೂ ಇದೆ. ನೈಟ್ರೈಲ್ ಮಿಶ್ರಣದ ಸಾಂದ್ರತೆ 1.2–1.3, ಎಫ್‌ಕೆಎಂನದು 1.8ಕ್ಕೂ ಮೇಲೆ. ಅದೇ ಅಚ್ಚು ತುಂಬಲು ಒಂದೂವರೆ ಪಟ್ಟು ತೂಕ ಬೇಕು. ಕಿಲೋ ಬೆಲೆ ಹೋಲಿಸಿ ಬಜೆಟ್ ಹಾಕಿದವರು ಇಲ್ಲಿ ಎಡವುತ್ತಾರೆ.

ಇಷ್ಟು ದುಡ್ಡು ಕೊಟ್ಟ ಮೇಲೆ ಎಲ್ಲದಕ್ಕೂ ಆಗಬೇಕಲ್ಲ ಎನ್ನಿಸುವುದು ಸಹಜ. ಆಗುವುದಿಲ್ಲ. ಅಸಿಟೋನ್, ಎಂಇಕೆಯಂಥ ಕೀಟೋನ್ ದ್ರಾವಕಗಳಲ್ಲಿ ಎಫ್‌ಕೆಎಂ ಊದುತ್ತದೆ, ಬ್ರೇಕ್ ದ್ರವದಲ್ಲಿಯೂ ಅಷ್ಟೇ. ಸಾಮಾನ್ಯ ದರ್ಜೆಯದು ಹಬೆಗೆ ಸೋಲುತ್ತದೆ. ಚಳಿಗಂತೂ ಬೇಗ ಮರಗಟ್ಟುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಏಳು ಮಂದಿಯೊಂದಿಗೆ ಸಿಡಿದದ್ದು ಬೂಸ್ಟರ್ ರಾಕೆಟ್ಟಿನ ಜೋಡಣೆಯಲ್ಲಿದ್ದ ಎಫ್‌ಕೆಎಂ ಓ-ರಿಂಗ್ ಆ ಬೆಳಗಿನ ಕೊರೆಯುವ ಚಳಿಯಲ್ಲಿ ಬೇಗ ಪುಟಿದೇಳಲಾರದೆ ಹೋದದ್ದರಿಂದ. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡೊಂದನ್ನು ಇಕ್ಕಳದಲ್ಲಿ ಅದುಮಿ, ಐಸ್‌ನೀರಿನ ಲೋಟದಲ್ಲಿ ಅದ್ದಿ, ಬಿಚ್ಚಿದಾಗ ಅದು ಹಿಗ್ಗದೆ ಹಾಗೇ ನಿಂತದ್ದನ್ನು ಕ್ಯಾಮೆರಾಗಳ ಮುಂದೆಯೇ ತೋರಿಸಿದರು. ನಮ್ಮ ಬೆಂಗಳೂರಿನ ಚಳಿಗೆ ಹೆದರಬೇಕಿಲ್ಲ. ಶೀತಲಗೃಹದ ಕಂಪ್ರೆಸರಿಗೋ ಲಡಾಖಿಗೆ ಹೋಗುವ ವಾಹನಕ್ಕೋ ಆದರೆ ಮೈನಸ್ 15ರ ಕೆಳಗೆ ಸಾಮಾನ್ಯ ಎಫ್‌ಕೆಎಂ ಬೇಡ.

ಎಫ್‌ಕೆಎಂಗೆ ಈಗ ಹೊಸ ಬೇಡಿಕೆ ಬಂದಿರುವುದು ಎಥನಾಲ್‌ನಿಂದ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿಯೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಬರೀ ಪೆಟ್ರೋಲ್, ಬರೀ ಎಥನಾಲ್ ತಡೆಯುವ ನೈಟ್ರೈಲ್ ಎರಡೂ ಬೆರೆತಾಗ ಹೆಚ್ಚು ಊದುತ್ತದೆ. ಇಂಧನದ ಲೈನಿನ ಹಳೆಯ ಡ್ರಾಯಿಂಗ್ ಇದ್ದರೆ ಮರುಪರೀಕ್ಷೆಯಿಲ್ಲದೆ ಅದನ್ನೇ ಒತ್ತಿಸಬೇಡಿ.

ಸಿಲಿಕೋನ್ ಬಗ್ಗೆ ಎರಡು ಮಾತು, ಏಕೆಂದರೆ ಅದರ ಮೇಲೆ ಎಲ್ಲರಿಗೂ ಮೋಹ. ಮೈನಸ್ 60ರಿಂದ 200 ಡಿಗ್ರಿವರೆಗೆ ಮೃದುವಾಗಿಯೇ ಉಳಿಯುತ್ತದೆ, ಬಾಯಿಗೆ ಹೋಗುವ ಪದಾರ್ಥಕ್ಕೆ ಹಿತ, ಬೇಕಾದ ಬಣ್ಣ ಸಿಗುತ್ತದೆ. ಓವನ್ ಬಾಗಿಲಿಗೆ, ಔಷಧ ಕಾರ್ಖಾನೆಯ ಗ್ಯಾಸ್ಕೆಟ್ಟಿಗೆ, ವಿದ್ಯುತ್ ಅವಾಹಕಕ್ಕೆ ಹಾಕಿ. ತಿರುಗುವ ಶಾಫ್ಟಿಗೆ, ಉಜ್ಜಾಡುವ ಪಿಸ್ಟನ್ನಿಗೆ ಬೇಡ; ಸಣ್ಣ ಗೀರು ಬಿದ್ದರೆ ಅಲ್ಲಿಂದಲೇ ಬಾಳೆ ಎಲೆಯಂತೆ ಸೀಳುತ್ತದೆ. ಹೆಚ್ಚಿನ ಒತ್ತಡದ ಹಬೆಯಲ್ಲಿಯೂ ಅದರ ಕಸುವು ಇಳಿಯುತ್ತದೆ.

ಅಚ್ಚಿಗೆ ಇಳಿಸುವ ಬಗೆ

ಪದಾರ್ಥ ತೀರ್ಮಾನವಾಗದೆ ಅಚ್ಚು ಕೊರೆಸಬಾರದು. ಕಾರಣ, ಬಿಸಿ ಅಚ್ಚಿನಿಂದ ಹೊರಬಂದ ರಬ್ಬರ್ ತಣಿದಾಗ ಕುಗ್ಗುತ್ತದೆ, ಒಂದೊಂದು ರಬ್ಬರ್ ಒಂದೊಂದು ಪ್ರಮಾಣದಲ್ಲಿ. ಶೇ 2 ಕುಗ್ಗುವ ನೈಟ್ರೈಲ್ ಎಂದು ಲೆಕ್ಕ ಹಾಕಿ 50 ಮಿ.ಮೀ. ರಿಂಗ್‌ಗೆ 51 ಮಿ.ಮೀ. ಅಚ್ಚು ಕೊರೆಸಿದಿರಿ ಎನ್ನೋಣ. ಆರು ತಿಂಗಳಾದ ಮೇಲೆ ಅದೇ ಅಚ್ಚಿನಲ್ಲಿ ಸಿಲಿಕೋನ್ ಒತ್ತಿಕೊಡಿ ಎಂದರೆ, ಅದು ಶೇ 3.5 ಕುಗ್ಗುವುದಾದರೆ, ಕೈಗೆ ಸಿಗುವುದು 49.2 ಮಿ.ಮೀ. ‘ನಿಮ್ಮ ಹತ್ತಿರ ಅಚ್ಚು ಇದೆಯಲ್ಲ’ ಎಂದು ವಾದಿಸುವವರಿಗೆ ಇದನ್ನು ಕಾಗದದ ಮೇಲೆ ಬರೆದೇ ತೋರಿಸಬೇಕಾಗುತ್ತದೆ.

ನಮ್ಮಂಥ ಸಣ್ಣ ಶೆಡ್ಡುಗಳ ಅನ್ನ ಕಂಪ್ರೆಷನ್ ಮೋಲ್ಡಿಂಗ್. ಮಿಲ್ಲಿನಿಂದ ಬಂದ ಹಾಳೆಯನ್ನು ಕತ್ತರಿಸಿ, ತಕ್ಕಡಿಯಲ್ಲಿ ತೂಗಿ, ಅಚ್ಚಿನ ಒಂದೊಂದು ಗುಳಿಗೂ ಒಂದೊಂದು ತುಂಡು ಇಡುತ್ತೇವೆ. ತೂಕ ಕಡಿಮೆಯಾದರೆ ಮೂಲೆ ತುಂಬದು, ಹೆಚ್ಚಾದರೆ ಅಂಚಿನಲ್ಲಿ ದೋಸೆಯ ಗರಿಯಂತೆ ಫ್ಲ್ಯಾಶ್. ಪ್ರೆಸ್ ಮುಚ್ಚಿ, ಸಿಕ್ಕಿಕೊಂಡ ಗಾಳಿ ಹೋಗಲೆಂದು ಎರಡು ಮೂರು ಸಲ ತುಸು ತೆರೆದು ಮುಚ್ಚಿ, 150ರಿಂದ 170 ಡಿಗ್ರಿಯಲ್ಲಿ ಕ್ಯೂರ್ ಆಗಲು ಬಿಡುತ್ತೇವೆ. ಹತ್ತು ಡಿಗ್ರಿ ಏರಿಸಿದರೆ ಕ್ಯೂರ್ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಕಸುಬಿನ ಸೂತ್ರ. ತೆಳುವಾದ ಭಾಗಕ್ಕೆ ಸರಿ. ದಪ್ಪ ಬುಷ್ ಆದರೆ ರಬ್ಬರ್ ಶಾಖವನ್ನು ಒಳಕ್ಕೆ ಸುಲಭವಾಗಿ ಬಿಡುವುದಿಲ್ಲ, ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿಯುತ್ತದೆ. ಅಂಥದ್ದನ್ನು ಕತ್ತರಿಸಿದರೆ ನಡುವೆ ಜೇನುಗೂಡಿನಂತೆ ತೂತುಗಳು. ಅವಸರದ ಡೆಲಿವರಿ ಕೇಳುವವರು ದಪ್ಪ ಭಾಗದ ಮಾದರಿಯೊಂದನ್ನು ಕೊಯ್ದು ನೋಡಿಯೇ ಒಪ್ಪಬೇಕು.

ಅಚ್ಚು ಸರಳ, ಅಗ್ಗ. ನಾನೂರು ಡಯಾಫ್ರಾಮ್, ಎರಡು ಸಾವಿರ ವಾಷರ್, ಅಂಗೈಗಿಂತ ದೊಡ್ಡ ಭಾಗಗಳು, ದುಬಾರಿ ರಬ್ಬರಿನ ಕಡಿಮೆ ಸಂಖ್ಯೆಯ ಕೆಲಸ: ಎಲ್ಲಕ್ಕೂ ಇದೇ. ಬೇರೆ ಯಾರಾದರೂ ಬೇರೆಯದನ್ನು ಹೇಳಿದರೆ ಅವರ ಹತ್ತಿರ ಖಾಲಿ ನಿಂತ ಬೇರೆ ಪ್ರೆಸ್ ಇದೆ ಎಂದರ್ಥ.

ಲೋಹದ ತುಂಡಿಗೆ ರಬ್ಬರ್ ಅಂಟಿಸಬೇಕಾದಾಗ ಮಾತ್ರ ನಾನು ಟ್ರಾನ್ಸ್‌ಫರ್ ಮೋಲ್ಡಿಂಗ್ ಕಡೆಗೆ ವಾಲುತ್ತೇನೆ. ಇಲ್ಲಿ ಅಚ್ಚು ಮೊದಲೇ ಮುಚ್ಚಿರುತ್ತದೆ. ಮೇಲಿನ ಪಾತ್ರೆಯಲ್ಲಿ ಇಟ್ಟ ರಬ್ಬರ್ ಸಣ್ಣ ದಾರಿಗಳ ಮೂಲಕ ಒಳಗೆ ಇಳಿಯುತ್ತದೆ. ಲೋಹದ ಇನ್ಸರ್ಟ್ ಜಾಗ ಬಿಟ್ಟು ಸರಿಯುವುದಿಲ್ಲ, ಅಳತೆ ಹೆಚ್ಚು ನಿಖರ. ಪಾತ್ರೆಯ ತಳದಲ್ಲಿ ಉಳಿಯುವ ಬೆಂದ ತಟ್ಟೆ ಮಾತ್ರ ಪ್ರತಿ ಸಲವೂ ಕಸ. ಎಫ್‌ಕೆಎಂ ಆದರೆ ಆ ಕಸದ ಬೆಲೆ ಕಣ್ಣಿಗೆ ಕುಕ್ಕುತ್ತದೆ. ಅಂಟು ನಿಲ್ಲುವುದು ಬಿಡುವುದು ಪ್ರೆಸ್ಸಿಗಿಂತ ಹೆಚ್ಚಾಗಿ ಮರಳು ಊದಿ ಲೋಹವನ್ನು ಸ್ವಚ್ಛ ಮಾಡಿದವನ ಕೈಯಲ್ಲಿದೆ. ಸ್ವಚ್ಛ ಮಾಡಿದ ಲೋಹವನ್ನು ಬರಿಗೈಯಲ್ಲಿ ಮುಟ್ಟಿದರೆ ಆ ಬೆರಳಚ್ಚಿನ ಜಾಗದಲ್ಲಿಯೇ ರಬ್ಬರ್ ಏಳಬಹುದು.

ಇಂಜೆಕ್ಷನ್ ಬೇರೆಯೇ ಲೆಕ್ಕ. ರಬ್ಬರಿನ ಪಟ್ಟಿ ಯಂತ್ರದೊಳಗೆ ಹೋಗುತ್ತದೆ, ತಿರುಪು ಅದನ್ನು ಮೊದಲೇ ಬಿಸಿ ಮಾಡಿ ಮುಚ್ಚಿದ ಅಚ್ಚಿಗೆ ನುಗ್ಗಿಸುತ್ತದೆ. ಎಂಟು ಗುಳಿಗಳ ಕಂಪ್ರೆಷನ್ ಅಚ್ಚಿನಲ್ಲಿ ಒಂದು ಸುತ್ತಿಗೆ ಹತ್ತು ನಿಮಿಷ ಎಂದರೆ ಗಂಟೆಗೆ 48 ತುಂಡು. 32 ಗುಳಿಗಳ ಇಂಜೆಕ್ಷನ್ ಅಚ್ಚು ಎರಡು ನಿಮಿಷಕ್ಕೊಂದು ಸುತ್ತು ಮುಗಿಸಿದರೆ ಗಂಟೆಗೆ 960. ಸಂಖ್ಯೆ ನೋಡಿ ಮರುಳಾಗುವ ಮೊದಲು ವರ್ಷಕ್ಕೆ ಎಷ್ಟು ಬೇಕು ಎಂದು ಕೇಳಿಕೊಳ್ಳಿ. ಐದು ಸಾವಿರ ಬೇಕಾದರೆ ಆ ಯಂತ್ರ ಒಂದು ದಿನದಲ್ಲಿ ನಿಮ್ಮ ವರ್ಷದ ಕೆಲಸ ಮುಗಿಸಿ, ದುಬಾರಿ ಅಚ್ಚನ್ನು ಗೋದಾಮಿನ ಮೂಲೆಗೆ ಕಳಿಸುತ್ತದೆ. ಲಕ್ಷಗಳ ಮಾತಾದರೆ, ವಿನ್ಯಾಸ ಇನ್ನು ಬದಲಾಗುವುದಿಲ್ಲ ಎಂದಾದರೆ, ಅದಕ್ಕೆ ಸಮನಿಲ್ಲ. ದ್ರವ ಸಿಲಿಕೋನ್‌ನ ಸಣ್ಣ ಭಾಗಗಳನ್ನಂತೂ ಹೀಗೇ ಮಾಡಬೇಕು. ಅಲ್ಲಿ ಪದಾರ್ಥ ಬರುವ ದಾರಿ ತಣ್ಣಗಿದ್ದು ಅಚ್ಚು ಬಿಸಿಯಾಗಿರುತ್ತದೆ.

ಎಷ್ಟೋ ಸಲ ಅಚ್ಚೇ ಬೇಕಿರುವುದಿಲ್ಲ. ಚಪ್ಪಟೆ ಗ್ಯಾಸ್ಕೆಟ್ ಆದರೆ ಹಾಳೆಯಿಂದ ಕತ್ತರಿಸಿಕೊಳ್ಳಿ. ಉದ್ದಕ್ಕೂ ಒಂದೇ ಆಕಾರದ ಬಾಗಿಲಂಚಿನ ಪಟ್ಟಿಯಾದರೆ ಎಕ್ಸ್‌ಟ್ರೂಷನ್, ಅಂದರೆ ಚಕ್ಕುಲಿ ಒರಳಿನಂತೆ ತೂತಿನಿಂದ ಒತ್ತಿ ತೆಗೆಯುವುದು.

ಬಂದ ಸರಕನ್ನು ನಂಬುವ ಮೊದಲು

ಎಫ್‌ಕೆಎಂ ಎಂದು ಹೇಳಿ ನೈಟ್ರೈಲ್ ಕೊಟ್ಟರೆ ಕಂಡುಹಿಡಿಯಲು ಪ್ರಯೋಗಾಲಯ ಬೇಡ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತುಂಡನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಮುಳ್ಳನ್ನು ಸೊನ್ನೆಗೆ ತಂದು, ತುಂಡನ್ನು ದಾರದಲ್ಲಿ ಕಟ್ಟಿ ಲೋಟದ ತಳ ತಾಗದಂತೆ ಮುಳುಗಿಸಿ. ಈಗ ತೋರುವ ಗ್ರಾಂ ಅದರ ಗಾತ್ರ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ. 1.3ರ ಹತ್ತಿರ ಬಂದರೆ ಅದು ಎಫ್‌ಕೆಎಂ ಅಲ್ಲವೇ ಅಲ್ಲ. 1.8 ಬಂದರೆ ಬಹುಶಃ ಹೌದು, ಪುಡಿ ತುಂಬಿಯೂ ತೂಕ ಏರಿಸಬಹುದು. ಸುಟ್ಟು ನೋಡುವ ಹಳೆಯ ರೂಢಿಯನ್ನು ಸಿಲಿಕೋನ್ ಪರೀಕ್ಷೆಗೆ ಸೀಮಿತವಾಗಿಡಿ. ಬಿಳಿ ಬೂದಿ ಉಳಿದರೆ ಸಿಲಿಕೋನ್. ಎಫ್‌ಕೆಎಂ ಇರಬಹುದೆಂಬ ಅನುಮಾನವಿದ್ದರೆ ಬೆಂಕಿ ತೋರಿಸಲೇಬೇಡಿ, ಹೈಡ್ರೋಫ್ಲೋರಿಕ್ ಆಮ್ಲದ ಹೊಗೆ ಬರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ನಿಮ್ಮದೇ ದ್ರವ. ಮುಚ್ಚಳದ ಗಾಜಿನ ಬಾಟಲಿಯಲ್ಲಿ ದ್ರವ ಹಾಕಿ, ಅಳೆದ ತುಂಡನ್ನು ಒಂದು ವಾರ ಮುಳುಗಿಸಿಡಿ, ಮತ್ತೆ ಅಳೆಯಿರಿ.

ಬ್ರೇಕ್ ಜಿಗ್‌ನ ಸೀಲನ್ನು ನಾವು ಇಪಿಡಿಎಂನಲ್ಲಿ ಮತ್ತೆ ಒತ್ತಿದೆವು. ನಮ್ಮದೇ ತಪ್ಪು ಎಂದು ದುಡ್ಡು ಕೇಳಲಿಲ್ಲ. ಈ ಸಲ ಡಾಟ್ 4 ಡಬ್ಬಿ ತರಿಸಿ ವಾರವಿಡೀ ಬಾಟಲಿಯಲ್ಲಿ ನೆನೆಸಿಟ್ಟೆವು, ಒಂದು ತುಂಡೂ ಊದಲಿಲ್ಲ. ಕಳಿಸಿದ ಹತ್ತು ದಿನಕ್ಕೆ ಮತ್ತೆ ಫೋನ್: ನಾಲ್ಕು ಸೀಲು ಊದಿವೆ. ನಂಬಿಕೆ ಬರದೆ ಸ್ಕೂಟರ್ ಹತ್ತಿ ಹೋದೆ. ಜೋಡಿಸುವ ಹುಡುಗ ಬಹಳ ನಿಷ್ಠೆಯಿಂದ, ಸೀಲು ಸುಲಭವಾಗಿ ಜಾರಿ ಕೂರಲಿ ಎಂದು, ಒಂದೊಂದಕ್ಕೂ ಬೇರಿಂಗ್ ಗ್ರೀಸ್ ಹಚ್ಚುತ್ತಿದ್ದ. ಪೆಟ್ರೋಲಿಯಂ ಗ್ರೀಸ್, ಇಪಿಡಿಎಂನ ಹತ್ತಿರದ ನೆಂಟ. ಅವನ ಕೈಗೆ ಸಿಲಿಕೋನ್ ಗ್ರೀಸಿನ ಟ್ಯೂಬ್ ಕೊಟ್ಟು ಬಂದೆ. ಈಗ ಇಪಿಡಿಎಂ ಸೀಲಿನ ಪ್ರತಿ ಪೊಟ್ಟಣದಲ್ಲೂ ಕನ್ನಡದಲ್ಲಿ ಒಂದು ಚೀಟಿ ಹಾಕುತ್ತೇವೆ: ‘ಇದಕ್ಕೆ ಗ್ರೀಸ್ ಹಚ್ಚಬೇಡಿ, ಬ್ರೇಕ್ ಆಯಿಲ್‌ನಲ್ಲಿ ಅದ್ದಿ ಕೂರಿಸಿ.’ ಆಯಿಲ್ ಎಂದೇ ಬರೆದಿದ್ದೇವೆ. ದ್ರವ ಎಂದರೆ ಯಾವುದು ಎಂದು ಮತ್ತೆ ಫೋನ್ ಬರುತ್ತದೆ.